ಆತಕೂರಿನ ಕಾಳಿ

ತುರುಗಳಿಗಾಗಿ ಕಾದಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ಅಲ್ಲಿ ಕಲ್ಲು ಮನುಷ್ಯನದು. ಸತ್ತ ಪ್ರಾಣಿಗಾಗಿಯೇ ಒಡೆಯನು ನಿಲ್ಲಿಸಿದ ಕಲ್ಲು ಅಪೂರ್ವ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಅಂಥದು; ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50.

ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. (ಠಾಣೆಯ ಸುತ್ತಲಿನ ಉತ್ತರ ಕೊಂಕಣವನ್ನಾಳುತ್ತಿದ್ದ ಶಿಲಾಹಾರರೂ ಬೂತುಗನಂತೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಸಾಮಂತರೇ.) ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಆತಕೂರು ಹನ್ನೆರಡು ದೊರೆಯಿತು. ಆದರೆ ಮೆಚ್ಚಿದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕೆಳಲೆನಾಡಿನ ಗುಡ್ಡದಲ್ಲಿ ಅದನ್ನು ಹಿರಿಯ ಹಂದಿಯೊಂದರ ಮೇಲೆ ಬಿಡಲು, ನಾಯಿಯೂ ಹಂದಿಯೂ ಜೊತೆಯಾಗಿ ಸತ್ತವು.

ಶೋಕದ ಮಾತು ಶಾಸನದಲ್ಲಿಲ್ಲ. ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದನ್ನು ಹೇಳಿ, ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ವಿಧಿಸುತ್ತದೆ. ದಿನದಿನದ ಊಟಕ್ಕೇ ನೆನಪನ್ನು ಕಟ್ಟಿಹಾಕಿದ ಈ ಕಟ್ಟುಪಾಡಿನಲ್ಲಿ ಒಡೆಯನ ಅಳಲು ಯಾವ ಚರಮಗೀತೆಗಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಇತಿಹಾಸಕಾರರು ಈ ಕಲ್ಲನ್ನು ಅರಸಿದುದು ಹೆಚ್ಚಾಗಿ ರಾಜಾದಿತ್ಯನ ವಧೆಯ ವಿವರಕ್ಕಾಗಿ. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕೆತ್ತಿರುವುದು ಚೋಳನನ್ನಲ್ಲ, ಹಂದಿಯೊಡನೆ ಸೆಣಸುವ ಕಾಳಿಯನ್ನು.