ಎರಡು ಆಫೀಸು, ಒಂದು ಪಹಣಿ (ನಮ್ಮ ತಾಲೂಕಿನ ದಾಖಲೆ ಕಥೆ, ಭಾಗ 4)

ಹುಮನಾಬಾದ್ ಇರ್ಲಿ, ಬಸವಕಲ್ಯಾಣ ಇರ್ಲಿ, ಹೊಲ ಖರೀದಿ ಆಯ್ತಂದ್ರೆ ಅದು ಎರಡು ಕಡೆ ದಾಖಲಾಗಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಖರೀದಿ ಪತ್ರ. ತಹಸೀಲ್ ಆಫೀಸಿನಲ್ಲಿ ಪಹಣಿ ಮೇಲೆ ಹೆಸರು ಬದಲು, ಅಂದ್ರೆ ಮ್ಯುಟೇಶನ್. ದೊಡ್ಡ ಕಂಪನಿಗಳಲ್ಲಿ ಗ್ರಾಹಕರ ವಿವರ ಒಂದು ಸಾಫ್ಟ್‌ವೇರ್‌ನಲ್ಲಿ, ಅವರ ಕಂಪ್ಲೇಂಟ್ ಟಿಕೆಟ್ ಇನ್ನೊಂದರಲ್ಲಿ ಇರ್ತದ, ಎರಡನ್ನೂ ಸಿಂಕ್ ಮಾಡೋಕೆ ಜನ ಒದ್ದಾಡ್ತಾರೆ. ಅದೇ ಒದ್ದಾಟ ನಮ್ಮ ಹೊಲದ ಕಾಗದದಲ್ಲಿ ಕಂಪ್ಯೂಟರ್ ಬರೋ ಮೊದಲೇ ಇತ್ತು.

1956ರ ನವೆಂಬರ್ 1ರವರೆಗೆ ನಮ್ಮ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೇ ಕಂದಾಯ ಕಾಗದ ಉರ್ದುವಿನಲ್ಲಿ. ಉರ್ದುವಿಂದ ಕನ್ನಡಕ್ಕೆ, ಕೈಬರಹದಿಂದ ಕಂಪ್ಯೂಟರ್‌ಗೆ ಬರುವಾಗ ಒಬ್ಬನೇ ಮನುಷ್ಯನ ಹೆಸರು ಎರಡು ಥರ ಆಗೋದು ದೊಡ್ಡ ಮಾತೇನಲ್ಲ.

1964ರ ಕರ್ನಾಟಕ ಭೂಕಂದಾಯ ಕಾಯ್ದೆ ಪ್ರಕಾರ ನೋಂದಣಿ ಆದ ಸುದ್ದಿ ಕಂದಾಯ ಇಲಾಖೆಗೆ ಹೋಗಬೇಕು. ಆ ಸುದ್ದಿ ಒಯ್ಯುವ ಚೀಟಿಗೆ ಜೆ-ಸ್ಲಿಪ್ ಅಂತಾರೆ. ಆಮೇಲೆ ತಕರಾರಿಗೆ ನೋಟಿಸ್. ಚೀಟಿ ಎಲ್ಲೋ ಕೂತುಬಿಟ್ರೆ? ಕೊಂಡವರು ದುಡ್ಡು ಕೊಟ್ಟಾಗಿರ್ತದ, ಪಹಣಿ ಮಾತ್ರ ಮಾರಿದವನ ಹೆಸರಲ್ಲೇ. ಅದನ್ನೇ ತೋರಿಸಿ ಅವನು ಬೆಳೆ ಸಾಲ ತಗೋಬಹುದು, ಇನ್ನೊಬ್ಬರಿಗೂ ಮಾರಬಹುದು. ಕ್ಯಾಶ್ ಬುಕ್ ಮತ್ತು ಪಾಸ್‌ಬುಕ್ ತಾಳೆ ಆಗದಿದ್ರೆ ನಾವು ಬಿಆರ್‌ಎಸ್ ಹಾಕ್ತೀವಿ. ಇಲ್ಲಿ ತಾಳೆ ಆಗದಿದ್ರೆ ಕೋರ್ಟು.

2000ದ ಸುಮಾರಿಗೆ 'ಭೂಮಿ' ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ಮಾಡಿಸಿದ್ದು, ಸಾಫ್ಟ್‌ವೇರ್ ಎನ್‌ಐಸಿಯದು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರ್‌ಗೆ ಹೋದವು, 15 ರೂಪಾಯಿಗೆ ಪಹಣಿ ಸಿಗೋಕೆ ಶುರು ಆಯ್ತು. ನನಗೆ ಇದರಲ್ಲಿ ಬಹಳ ಇಷ್ಟ ಆಗಿದ್ದು ಫಿಫೋ! ನಾವು ಸ್ಟಾಕ್ ವ್ಯಾಲ್ಯುಯೇಶನ್‌ನಲ್ಲಿ ಓದಿದ್ದೇ. ಮ್ಯುಟೇಶನ್ ಅರ್ಜಿ ಬಂದ ಸಾಲಿನಲ್ಲೇ ಮುಗಿಸಬೇಕು, ಪರಿಚಯದವರ ಫೈಲು ಮೇಲೆ ಇಡೋ ಹಾಗಿಲ್ಲ. ಪಕ್ಕಾ ಟಿಕೆಟ್ ಸಿಸ್ಟಮ್.

ಆದ್ರೆ ನೋಂದಣಿ ಇಲಾಖೆಗೆ ಸಿ-ಡ್ಯಾಕ್ ಮಾಡಿದ 'ಕಾವೇರಿ' ಬೇರೆ ಸಾಫ್ಟ್‌ವೇರ್. ಮೊದಮೊದಲು ಎರಡು ಕಂಪ್ಯೂಟರ್ ನಡುವೆ ಮತ್ತೆ ಅದೇ ಕಾಗದದ ಚೀಟಿ ಓಡಾಡ್ತಿತ್ತು. ನಗು ಬರ್ತದ, ಆದ್ರೆ ನಿಜ. ಆಮೇಲೆ ಎರಡನ್ನೂ ಜೋಡಿಸಿದ್ರು. ಈಗ ನೋಂದಣಿಗೆ ಮೊದಲು ಕಾವೇರಿ ಭೂಮಿಯನ್ನ ಕೇಳ್ತದ: ಮಾರುವವನ ಹೆಸರು ಪಹಣಿಯಲ್ಲಿ ಇದೆಯಾ? ನೋಂದಣಿ ಆದ ಮೇಲೆ ಜೆ-ಸ್ಲಿಪ್ ಆನ್‌ಲೈನಲ್ಲೇ ಹೋಗ್ತದ. ತಾಳೆ ನೋಡೋದು ಊರು, ಸರ್ವೆ ನಂಬರ್, ಹಿಸ್ಸಾ ನಂಬರ್ ಮೇಲೆ. ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದ್‌ನಿಂದ ಚಿಟಗುಪ್ಪ ಬೇರೆ ತಾಲೂಕು ಆದಾಗ ಎಷ್ಟು ಊರುಗಳ ವಿಳಾಸ ಬದಲಾಯ್ತು ಯೋಚನೆ ಮಾಡ್ರಿ. 2023ರಲ್ಲಿ ಕಾವೇರಿ 2.0 ಕೂಡ ಬಂತು.

ಇಷ್ಟೆಲ್ಲಾ ಇದ್ರೂ ಒಂದು ಕಡೆ ಸಿಂಕ್ ಆಗಲ್ಲ. ಅಜ್ಜ ತೀರಿಹೋದಾಗ ಯಾರೂ ಖರೀದಿ ಪತ್ರ ಬರೆಸಲ್ಲ, ಹಂಗಾಗಿ ಕಾವೇರಿಗೆ ಸುದ್ದಿನೇ ಇಲ್ಲ, ಭೂಮಿಗೆ ಜೆ-ಸ್ಲಿಪ್ಪೂ ಇಲ್ಲ. ಸಾವಿನ ದಾಖಲೆ, ವಂಶವೃಕ್ಷ ಹಿಡಕೊಂಡು ಮನೆಯವರೇ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಹಾಕದಿದ್ರೆ ಪಹಣಿಯಲ್ಲಿ ಅಜ್ಜ ಇನ್ನೂ ಬದುಕಿರ್ತಾರೆ. ರೈತರ ಫ್ರೂಟ್ಸ್ ಐಡಿ ನಿಂತಿರೋದೂ ಭೂಮಿಯ ಲೆಕ್ಕದ ಮೇಲೇ, ಬೆಳೆ ಪರಿಹಾರ ಬರೋದೂ ಅದರ ಮೇಲೇ. ಮಳೆಗೆ ಸೋಯಾ, ಉದ್ದು ಕೊಳೆತ ವರ್ಷ ಬಿತ್ತಿದ ಅಪ್ಪನ ಅಕೌಂಟಿಗೆ ದುಡ್ಡು ಬರಲ್ಲ, ಯಾಕಂದ್ರೆ ಹೊಲ ಅವರ ಹೆಸರಲ್ಲಿಲ್ಲ. 2025ರಲ್ಲಿ ಸರ್ಕಾರ ಇ-ಪೌತಿ ಆಂದೋಲನ ಶುರು ಮಾಡಿದ್ದು ಇದಕ್ಕೇ.

ಇವತ್ತು ಮನೆಯಲ್ಲಿ ಪಹಣಿ ತೆಗೆದು ನೋಡ್ರಿ. ಕಮೆಂಟ್‌ನಲ್ಲಿ ಹೆಸರು, ಸರ್ವೆ ನಂಬರ್ ಹಾಕಬೇಡ್ರಿ. ಮುತ್ತಜ್ಜನಾ, ಅಜ್ಜನಾ, ಅಪ್ಪನಾ, ಅಷ್ಟೇ ಬರೀರಿ. ಭಾಗ 5ರಲ್ಲಿ 11ಇ ನಕ್ಷೆ.