ಎರೆಭೂಮಿಗೆ ಬಂದ ಹೊಸ ಯುಗ



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಈ ಸಂಚಿಕೆಯ ಇತರ ಲೇಖನಗಳು ನಿರೂಪಿಸುತ್ತವೆ. ನಾವು ಇಲ್ಲಿ ಹೇಳಹೊರಟಿರುವುದು ಅದಕ್ಕೂ ಹಿಂದಿನ ಕಥೆಯನ್ನು. ನೂರು ವರ್ಷಗಳ ಕೆಳಗೆ ಅರಕೇರಿಯ ಸೀಮೆಯಲ್ಲಿ ಅರವತ್ತು ದಾಟಿದ್ದ ಹಿರಿಯರು 1876-77ರ ಮಹಾಕ್ಷಾಮದಲ್ಲಿ ಬಾಲ್ಯ ಕಳೆದು ಬದುಕಿ ಉಳಿದವರು. ಅವರ ಬಾಲ್ಯದ ಹಸಿವಿಗೆ ಮಳೆ ಬಾರದಿದ್ದುದು ಒಂದು ಕಾರಣ. ಸಮುದ್ರದಾಚೆ ಹುಟ್ಟಿದ ಯಂತ್ರ, ವಿಚಾರ ಮತ್ತು ಸಾಮ್ರಾಜ್ಯಗಳು ಮತ್ತೊಂದು ಕಾರಣ. ಆಧುನಿಕ ಜಗತ್ತು ನಮ್ಮ ಎರೆಭೂಮಿಗೆ ಹೇಗೆ ಬಂದಿತೆಂಬುದನ್ನು ಅರಿಯದೆ ನಮ್ಮ ಹಿರಿಯರ ಬಾಳನ್ನು ಅರಿಯಲಾಗದು.

ಸೆಮಿನರಿಯಲ್ಲಿ ಓದುತ್ತಿದ್ದಾಗ ಯುರೋಪಿನ ಇತಿಹಾಸವೆಂದರೆ ನಮಗೆ ಇಸವಿಗಳ ಒಂದು ಪಟ್ಟಿಯಾಗಿತ್ತು. 1769ರಲ್ಲಿ ಆರ್ಕ್‌ರೈಟನ ನೂಲುವ ಯಂತ್ರಕ್ಕೂ ಜೇಮ್ಸ್ ವಾಟನ ಸುಧಾರಿತ ಉಗಿಯಂತ್ರಕ್ಕೂ ಪೇಟೆಂಟ್ ದೊರೆಯಿತು. 1776ರಲ್ಲಿ ಆಡಮ್ ಸ್ಮಿತ್ ರಾಷ್ಟ್ರಗಳ ಸಂಪತ್ತನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷ ಅಮೆರಿಕ ಸ್ವಾತಂತ್ರ್ಯ ಸಾರಿತು. 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ. ಪರೀಕ್ಷೆಗಾಗಿ ಇವನ್ನು ಕಂಠಪಾಠ ಮಾಡಿದೆವು, ಪರೀಕ್ಷೆ ಮುಗಿದೊಡನೆ ಮರೆತೆವು. ಸೇವೆಗೆಂದು ಈ ಸೀಮೆಗೆ ಬಂದು, ಹತ್ತಿಯ ಹೊಲಗಳ ನಡುವೆ ಓಡಾಡತೊಡಗಿದ ಮೇಲೆಯೇ ಆ ಇಸವಿಗಳಿಗೆ ಜೀವ ಬಂದಿತು.

ಯಂತ್ರಗಳಿಗೆ ಹತ್ತಿ ಬೇಕು. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ತಮಗೆ ಬೇಕಾದ ಹತ್ತಿಯ ಬಹುಪಾಲನ್ನು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ತರಿಸುತ್ತಿದ್ದವು. ಅದನ್ನು ಬೆಳೆಯುತ್ತಿದ್ದವರು ಆಫ್ರಿಕ ಮೂಲದ ಗುಲಾಮರು. 1793ರಲ್ಲಿ ಎಲೈ ವಿಟ್ನಿಯು ಹತ್ತಿಯಿಂದ ಬೀಜ ಬಿಡಿಸುವ ಯಂತ್ರವನ್ನು ರೂಪಿಸಿದಾಗ ದುಡಿಯುವವರ ಹೊರೆ ಇಳಿಯಲಿಲ್ಲ. ಹತ್ತಿಯ ಬೇಸಾಯ ಹಬ್ಬಿದಂತೆ ಗುಲಾಮಗಿರಿಯೂ ಹಬ್ಬಿತು. ಮನುಷ್ಯರೆಲ್ಲರೂ ಸಮಾನರೆಂದು ಸಾರಿದ ನಾಡಿನಲ್ಲಿಯೇ ಮನುಷ್ಯರ ಮಾರಾಟ ನಡೆಯಿತು. ಹೊಸ ವಿಚಾರವೂ ಹೊಸ ಯಂತ್ರವೂ ತಾವಾಗಿಯೇ ನ್ಯಾಯವನ್ನು ತರಲಾರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇತ್ತ ನಮ್ಮ ಸೀಮೆಯ ಸ್ಥಿತಿ ಹೇಗಿತ್ತು? 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ವಿಜಾಪುರವು ಸಾತಾರದ ರಾಜನ ಪಾಲಿಗೆ ಬಂದಿತ್ತು. 1848ರಲ್ಲಿ ಆ ಸಂಸ್ಥಾನಕ್ಕೆ ವಾರಸುದಾರರಿಲ್ಲವೆಂದು ಕಂಪನಿ ಸರಕಾರ ಅದನ್ನು ವಶಪಡಿಸಿಕೊಂಡಿತು. ಮುಂಬಯಿ ಸರಕಾರದ ಪದ್ಧತಿಯಂತೆ ಹೊಲಗಳನ್ನು ಅಳೆದು, ಮೂವತ್ತು ವರ್ಷಗಳ ಅವಧಿಗೆ ಕಂದಾಯ ನಿಗದಿಪಡಿಸಲಾಯಿತು. ಮಳೆಯಾಗಲಿ ಬಿಡಲಿ, ಕಂದಾಯವನ್ನು ರೊಕ್ಕದ ರೂಪದಲ್ಲಿ ತೆರಬೇಕು. ರೊಕ್ಕ ಬೇಕಾದರೆ ಮಾರುವ ಬೆಳೆ ಬೇಕು. ಡೋಣಿ ತೀರ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಹೆಮ್ಮೆಯ ನಾಡಿದು. ಬಿಳಿಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಕೆಟ್ಟ ವರ್ಷಗಳನ್ನು ದಾಟುತ್ತಿದ್ದವರು ನಮ್ಮ ರೈತರು. ಅವರ ಬಾಳಿನಲ್ಲಿ ಈಗ ಪೇಟೆಯ ಧಾರಣೆ ಮತ್ತು ಸಾಹುಕಾರನ ಖಾತೆ ಎರಡಕ್ಕೂ ಹಿಂದಿಗಿಂತ ದೊಡ್ಡ ಸ್ಥಾನ ದೊರೆಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಷೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಕಾರ್ಮಿಕರು ಉಪವಾಸ ಬಿದ್ದರು. ಆಗ ಎಲ್ಲರ ಕಣ್ಣೂ ಭಾರತದ ಹತ್ತಿಯತ್ತ ಹೊರಳಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸುವ ಪ್ರಯತ್ನ ನಡೆದಿತ್ತು. ಈಗ ಅದಕ್ಕೆ ಚಿನ್ನದ ಬೆಲೆ ಬಂದಿತು. ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸುವ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಗಿರಣಿಯ ಅಗತ್ಯಕ್ಕಾಗಿ ಒಂದು ಜಿಲ್ಲೆಯ ಆಡಳಿತವೇ ಬದಲಾಯಿತೆಂದರೆ ಹತ್ತಿಯ ಬಲ ಎಷ್ಟಿತ್ತೆಂದು ವಾಚಕರು ಊಹಿಸಬಹುದು. ಆದರೆ 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಮಾಡಿದ ಸಾಲ ಮಾತ್ರ ಉಳಿಯಿತು.

ಇದಾದ ಹನ್ನೊಂದು ವರ್ಷಗಳಿಗೆ ಮಳೆ ಕೈಕೊಟ್ಟಿತು. ಬರಗಾಲ ಈ ನಾಡಿಗೆ ಹೊಸದಲ್ಲ. 1791-92ರ ಕ್ಷಾಮವನ್ನು ಜನರು ಡೋಗಿ ಬರವೆಂದು ಕರೆದರು, ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದವಂತೆ. ಹಸಿವನ್ನು ಸಾಮ್ರಾಜ್ಯವೇ ಹುಟ್ಟಿಸಿತೆಂದರೆ ಸತ್ಯಕ್ಕೆ ಅಪಚಾರವಾದೀತು. 1876ರಲ್ಲಿ ಹೊಸದಾಗಿದ್ದುದು ಬೇರೊಂದು. ದೂರದ ಪ್ರಾಂತಗಳಲ್ಲಿ ಕಾಳು ಇತ್ತು. ಅದನ್ನು ತರುವ ಉಗಿಬಂಡಿಯೂ ಇತ್ತು. ರೈಲು 1860ರಲ್ಲಿಯೇ ಸೊಲ್ಲಾಪುರವನ್ನು, 1871ರಲ್ಲಿ ರಾಯಚೂರನ್ನು ಮುಟ್ಟಿತ್ತು. ಅವೆರಡರ ನಡುವಿನ ನಮ್ಮ ಕಲಾದಗಿ ಜಿಲ್ಲೆಗೆ ಕಾಳು ಬರಬೇಕಾದರೆ ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಬಂದ ಕಾಳನ್ನು ಕೊಳ್ಳಲು ಕೂಲಿಯಿಲ್ಲದವನ ಕೈಯಲ್ಲಿ ರೊಕ್ಕವಿರಲಿಲ್ಲ.

ವ್ಯಾಪಾರದಲ್ಲಿ ಸರಕಾರ ಕೈಹಾಕಬಾರದೆಂಬುದು ಅಂದಿನ ಆಳುವವರ ಸಿದ್ಧಾಂತ. ಸ್ಮಿತ್ತನ ಬರಹದಿಂದ ಬೆಳೆದ ಈ ವಿಚಾರವನ್ನು ವೈಸರಾಯ್ ಲಿಟ್ಟನ್ ಶಾಸ್ತ್ರವಾಕ್ಯದಂತೆ ಪಾಲಿಸಿದನು. ಜನರು ಹಸಿದಿದ್ದಾಗಲೂ ದೇಶದಿಂದ ಗೋಧಿಯ ರಫ್ತು ನಿಲ್ಲಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ವೈಭವದಿಂದ ಜರುಗಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳಿನ ಬೆಲೆ ಮತ್ತು ಒಂದು ಆಣೆ ಸಾಕೆಂದು ವಿಧಿಸಿದನು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ.

ಇಲ್ಲಿ ಚರಿತ್ರೆ ಒಂದು ತಿರುವು ಪಡೆಯುತ್ತದೆ. ಮುಂಬಯಿ ಪ್ರಾಂತದ ಸಾವಿರಾರು ಕೂಲಿಗಳು ಆ ಕೂಲಿಯನ್ನು ಒಲ್ಲೆವೆಂದು ಕಾಮಗಾರಿಗಳನ್ನು ಬಿಟ್ಟು ನಡೆದರು. 1870ರಲ್ಲಿ ಸ್ಥಾಪಿತವಾದ ಪುಣೆಯ ಸಾರ್ವಜನಿಕ ಸಭೆಯವರು ಅವರ ಪರವಾಗಿ ಸರಕಾರಕ್ಕೆ ಅರ್ಜಿಗಳನ್ನು ಬರೆದರು. ಪ್ರಜೆಗೆ ಹಕ್ಕುಂಟು, ಸರಕಾರಕ್ಕೆ ಹೊಣೆಯುಂಟು ಎಂಬ ಮಾತನ್ನು ಆಳುವವರ ಪುಸ್ತಕಗಳಿಂದಲೇ ಕಲಿತು ಆಳುವವರೆದುರಿಗೇ ಆಡಿದರು. ವ್ಯಾಪಾರ ಸ್ವಾತಂತ್ರ್ಯದ ಜೊತೆಗೆ ಮನುಷ್ಯ ಸ್ವಾತಂತ್ರ್ಯದ ವಿಚಾರವೂ ಅದೇ ಹಡಗಿನಲ್ಲಿ ಬಂದಿಳಿದಿತ್ತು. ಮುಂದಿನ ರಾಷ್ಟ್ರೀಯ ಚಳವಳಿಯ ಬೇರುಗಳಲ್ಲಿ ಇದೂ ಒಂದು.

ಆದರೆ ಅರ್ಜಿಯ ಅಕ್ಷರಗಳು ಸತ್ತವರನ್ನು ಎಬ್ಬಿಸಲಿಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ನಮ್ಮ ಜಿಲ್ಲೆಯಲ್ಲಿ ಐದರಲ್ಲೊಂದು ಪಾಲು ಜನ ಕಡಿಮೆಯಾದರು. ಕೆಲವರು ಸತ್ತರು, ಕೆಲವರು ದೇಶಾಂತರ ಹೋಗಿ ಮರಳಲಿಲ್ಲ.

ಆ ಬಳಿಕ ಬರಗಾಲದ ಆಯೋಗದ ಸಲಹೆಯಂತೆ ಸರಕಾರ ಎಚ್ಚತ್ತಿತು. 1884ರಲ್ಲಿ ಹೊಟಗಿಯಿಂದ ವಿಜಾಪುರದ ಮೂಲಕ ಗದಗಕ್ಕೆ ರೈಲು ಓಡಿತು. 1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಹಸಿದವರಿಗೆ ಕಾಳು ತರಲೆಂದು ಹಾಕಿದ ಅದೇ ಹಳಿಯ ಮೇಲೆ ಹತ್ತಿಯ ಅಂಡಿಗೆಗಳು ಹೊರಹೋದವು, ಗಿರಣಿಯ ನೂಲು ಒಳಬಂದಿತು. ಕೈನೂಲು ತೆಗೆಯುವ ಹೆಂಗಸರ ಗಳಿಕೆ ನಿಂತಿತು. ಇಳಕಲ್ಲು, ಗುಳೇದಗುಡ್ಡಗಳ ನೇಕಾರರು ಗಿರಣಿಯ ನೂಲನ್ನೇ ಮಗ್ಗಕ್ಕೆ ಏರಿಸಿ ತಮ್ಮ ಸೀರೆ, ಕುಬಸದ ಖಣಗಳನ್ನು ಉಳಿಸಿಕೊಂಡರು. 1887ರಲ್ಲಿ ಗೋಕಾಕದ ಜಲಪಾತದ ಬಲದಿಂದ ಗಿರಣಿ ನಡೆಯತೊಡಗಿ, ಕನ್ನಡಿಗರೂ ಕಾರ್ಖಾನೆಯ ಕಾರ್ಮಿಕರಾದರು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ತಮ್ಮ ವಿಶ್ವಪರಿಪತ್ರದಲ್ಲಿ, ಕಾರ್ಮಿಕನಿಗೆ ಬಾಳಲು ತಕ್ಕಷ್ಟು ಕೂಲಿ ಸಲ್ಲಬೇಕೆಂದೂ, ಬಡತನದ ಒತ್ತಡಕ್ಕೆ ಸಿಕ್ಕಿ ಅವನು ಒಪ್ಪಿದ ಅಲ್ಪ ಕೂಲಿ ನ್ಯಾಯವಾಗಲಾರದೆಂದೂ ಬೋಧಿಸಿದರು. ಟೆಂಪಲನ ಕೂಲಿಯನ್ನು ಒಲ್ಲೆವೆಂದ ಅನಕ್ಷರಸ್ಥ ಬಡವರು ಅದನ್ನು ಹದಿನಾಲ್ಕು ವರ್ಷ ಮೊದಲೇ ತಮ್ಮ ಹೊಟ್ಟೆಯಿಂದ ಅರಿತಿದ್ದರು.

ಇಂದು ತಿಕೋಟಾ, ಬಬಲೇಶ್ವರ ಭಾಗದಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಹರಿದಿದೆ. ದ್ರಾಕ್ಷಿಯ ತೋಟಗಳು ಎದ್ದಿವೆ. ನಮ್ಮ ರೈತರು ಒಣದ್ರಾಕ್ಷಿಯನ್ನು ಸಾಂಗಲಿ, ತಾಸಗಾಂವಗಳ ಪೇಟೆಗೂ ಒಯ್ಯುತ್ತಾರೆ, ಧಾರಣೆ ಎಷ್ಟೆಂದು ಫೋನಿನಲ್ಲಿ ವಿಚಾರಿಸುತ್ತಾರೆ. ಅಂದು ಲಿವರ್‌ಪೂಲಿನಲ್ಲಿ ನಿಶ್ಚಯವಾಗುತ್ತಿದ್ದ ಬೆಲೆ ಇಂದು ಬೇರೆಡೆ ನಿಶ್ಚಯವಾಗುತ್ತದೆ, ಅಷ್ಟೆ. ಲೋಕದ ಪೇಟೆಯನ್ನು ಬಿಟ್ಟು ಹಗೇವಿನ ಕಾಲಕ್ಕೆ ಮರಳಲು ನಮ್ಮಿಂದಾಗದು, ಮರಳಬೇಕಾಗಿಯೂ ಇಲ್ಲ. ಆದರೆ ಬೆಲೆ ಬಿದ್ದಾಗ, ಮಳೆ ತಪ್ಪಿದಾಗ ನೆರೆಯವನನ್ನು ಪೇಟೆಯ ನಿಯಮಕ್ಕೆ ಒಪ್ಪಿಸಿ ಕೈಕಟ್ಟಿ ಕೂಡುವುದು ತರವಲ್ಲ. ನೂರು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ, ಲೆಕ್ಕಕ್ಕೆ ಮಾತ್ರ ಸಿಕ್ಕಿ ಹೆಸರು ಉಳಿಯದೆ ಹೋದ ಆ ಐದರಲ್ಲೊಂದು ಪಾಲು ಜನರನ್ನು ನಾವು ಮರೆಯದಿರೋಣ.