ಕಪ್ಪು ಪರದೆ, ಕಿಟಕಿ ಮತ್ತು ಅಮ್ಮನ ಹಾಡು

ಕಚೇರಿಯಲ್ಲಿ ನಾನು ಮೊದಲು ಕಂಡ ಕಂಪ್ಯೂಟರಿಗೆ ಕಪ್ಪು ಪರದೆ. 1981ರಲ್ಲಿ ಐಬಿಎಂ ಪಿಸಿಯೊಂದಿಗೆ ಬಂದ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ಮೇ ಅದರ ಯಜಮಾನ. ಆಜ್ಞೆಗಳನ್ನು ಬಾಯಿಪಾಠ ಮಾಡಬೇಕು. ಒಂದಕ್ಷರ ತಪ್ಪಿದರೂ ಮುನಿಸು. ಆದರೂ ಸಂಬಳದ ಪಟ್ಟಿಗೆ ಅಷ್ಟು ಸಾಕಿತ್ತು.

ಮನೆಗೆ ಬಂದದ್ದು ವಿಂಡೋಸ್ 98. ಚಿತ್ರ ನೋಡಿ ಮೌಸ್ ಒತ್ತಿದರಾಯಿತು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಸೋಬಾನೆ ಹಾಡುಗಳನ್ನೆಲ್ಲ ಅದರಲ್ಲಿ ಟೈಪು ಮಾಡಿಟ್ಟೆ.

ಅಮ್ಮ ಹೋದ ಮೇಲೆ, ಮಗ ಆ ಯಂತ್ರಕ್ಕೆ ಲಿನಕ್ಸ್ ಹಾಕಿದ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಹಾಡಿನ ಫೈಲು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಎದೆ ಧಸಕ್ಕೆಂದಿತು.

ತಪ್ಪು ಲಿನಕ್ಸಿನದಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟಿಲ್ಲದ ಕಡೆ ಕನ್ನಡವೂ ಇಲ್ಲ. ಕನ್ನಡ ಅಕ್ಷರಗಳಿಗೆ ಸ್ವಂತ ಸಂಖ್ಯೆ ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿತ್ತು. ವಿಂಡೋಸಿನಲ್ಲಿ ಕನ್ನಡಕ್ಕೆ ಅದರ ಆಸರೆ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ.

ಮಗ ಹಳೆಯ ಫಾಂಟನ್ನು ಹುಡುಕಿ ಹಾಕಿದ. ಅಕ್ಷರಗಳು ಮೂಡಿದವು. ಒಂದೊಂದೇ ಹಾಡನ್ನು ಯೂನಿಕೋಡಿನಲ್ಲಿ ಮತ್ತೆ ಬರೆದೆ. ಬರೆಯುತ್ತ ಅಮ್ಮನ ದನಿಯೇ ಕೇಳಿದಂತಾಗಿ ಎಷ್ಟೋ ಸಲ ಕೈ ನಿಂತಿತು.

ಆ ಎಕ್ಸ್‌ಪಿಗೂ ತಯಾರಕರ ಆರೈಕೆ 2014ರಲ್ಲಿ ನಿಂತಿತು. ಕಚೇರಿಗೆ ಅಲ್ಲಿನ ಕೆಲಸ ಬೇಡುವುದು, ಮನೆಗೆ ನಮ್ಮ ಕೈಗೊಗ್ಗುವುದು, ಯಾವುದಾದರೂ ಇರಲಿ. ಇವೆಲ್ಲ ಬಾಡಿಗೆ ಮನೆಗಳಿದ್ದಂತೆ, ಬದಲಾಗುತ್ತಲೇ ಇರುತ್ತವೆ. ನಮ್ಮ ಸಾಮಾನು ಮಾತ್ರ ಯಾವ ಮನೆಗೂ ಹೊಂದುವಂತಿರಬೇಕು.